ನಾಲ್ಕು ಕೊಂಬಿನ ಟಗರಿನ ಕಿವಿ

ನನ್ನ ಗಂಡ ತಮೀಮ್ ಸತ್ತದ್ದು ಈ ದೊಡ್ಡಿಯ ಗೋಡೆಗೂ ಲಾರಿಗೂ ನಡುವೆ ಸಿಕ್ಕಿ. ಡ್ರೈವರ್ ಹಿಂದೆ ನೋಡಲಿಲ್ಲ. ಪಕ್ಕೆಲುಬು ಮುರಿದ ಸದ್ದನ್ನು ಕುರಿಗಳು ಕೇಳಿರಬೇಕು. ವಿಧವೆ ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಸಿ ನಾನು ಮನೆಯಿಂದ ಹೊರಬಂದಾಗ ಬಕ್ರೀದಿಗೆ ಒಂದೇ ದಿನ ಉಳಿದಿತ್ತು.

ದುಬೈಯ ರಾಸ್ ಅಲ್ ಖೋರಿನ ಗೋದಾಮಿನ ಹಿಂದೆ ಮಾವ ಅಬ್ದುಲ್ ರಹೀಮರದು ಕುರಿ ವ್ಯಾಪಾರ. ಕೊನೆಯ ಅಂಕಣದಲ್ಲಿ ಅಮೆರಿಕದಿಂದ ಬಂದ ನಾಲ್ಕು ಪ್ರಾಣಿಗಳಿದ್ದವು. ಅಲ್ಲಿಯ ಮೂಲನಿವಾಸಿ ನವಾಹೊ ಜನ ಸಾಕುವ ಚುರ್ರೊ ತಳಿ. ತರಿಸಿದ ಅರಬ ಕೊನೆಗೆ ಬೇಡವೆಂದ, ತಮೀಮ್ ಇಟ್ಟುಕೊಂಡ. ಮೂರು ಹೆಣ್ಣು, ನಾಲ್ಕು ಕೊಂಬಿನ ಒಂದು ಟಗರು. ಹೆಣ್ಣುಗಳು ಇನ್ನೂ ಗಬ್ಬ ಕಟ್ಟಿರಲಿಲ್ಲ.

ಮಾವ ಟಗರಿನ ಬೆನ್ನಿನ ಮೇಲೆ ಕೈಯಿಟ್ಟರು. "ನಾಳೆ ಕುರ್ಬಾನಿಗೆ ಇದು. ಅದರ ಪುಣ್ಯ, ಸವಾಬ್, ತಮೀಮನಿಗೆ."

"ಮಾಮಾ, ಇದೊಂದೇ ಗಂಡು. ಇದು ಹೋದರೆ ಇಲ್ಲಿ ತಳಿ ಮುಗೀತು."

"ಅವನು ಪ್ರೀತಿ ಮಾಡಿದ್ದನ್ನೇ ಕೊಡ್ಬೇಕು ಝೈನಬ್. ಬೇಡದ್ದನ್ನು ಕೊಡುದು ಕುರ್ಬಾನಿಯಾ?"

ಕಸಾಯಿಖಾನೆಗೆ ಹೋಗಲಿದ್ದ ಪಿಕಪ್‌ಗೆ ಹುಲ್ಲು ಹಾಸುತ್ತಿದ್ದ ಆಳು ರಿಝ್ವಾನ್ ನಕ್ಕ. "ಕೊಂಬು ನಾಲ್ಕಾದ್ರೂ ತೊಡೆ ಎರಡೇ ಅಲ್ವಾ ಭಾಬಿ?"

ನಾನು ಇತಿಹಾಸ ಓದಿದವಳು. ಈ ತಳಿಯ ಕಥೆಯನ್ನು ತಮೀಮನಿಗೆ ಹುಡುಕಿ ಕೊಟ್ಟದ್ದು ನಾನೇ. ಅದನ್ನೇ ಮಾವನಿಗೂ ಹೇಳಿದೆ. ಸ್ಪೇನಿನವರು ಕತ್ತಿಯ ಜೊತೆ ಇವುಗಳ ಹಿರಿಯರನ್ನು ಹಡಗಿನಲ್ಲಿ ಅಮೆರಿಕಕ್ಕೆ ತಂದರು. ನವಾಹೊ ಜನ ಕೆಲವನ್ನು ಕೊಂಡರು, ಕೆಲವನ್ನು ದಾಳಿ ಮಾಡಿ ಹೊಡೆದುಕೊಂಡು ಹೋದರು. ಮುಂದೆ ಅಮೆರಿಕದ ಸೈನಿಕರು ಬಂದು ಜೋಳದ ಹೊಲ ಸುಟ್ಟರು, ಕುರಿಗಳನ್ನು ಕೊಂದರು, ಜನರನ್ನು ನೂರಾರು ಮೈಲಿ ನಡೆಸಿದರು. ಬಿದ್ದವರಲ್ಲಿ ಕೆಲವರನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಎಪ್ಪತ್ತು ವರ್ಷದ ಮೇಲೆ ಸರ್ಕಾರದವರು ಮತ್ತೆ ಬಂದರು. ಹುಲ್ಲು ಸಾಲದೆಂದು, ಸಾಕಿದ ಹೆಂಗಸರ ಎದುರಿಗೇ ಕುರಿಗಳಿಗೆ ಗುಂಡು ಹಾರಿಸಿದರು. ಹೆಣಗಳು ಕಣಿವೆಯಲ್ಲಿ ಕೊಳೆತವು. ಉಳಿದದ್ದು ಮೂಲೆಯ ಕಮರಿಗಳಲ್ಲಿ ಬೆರಳೆಣಿಕೆಯಷ್ಟು.

ಮಾವ ಪೂರ್ತಿ ಕೇಳಿದರು. "ಅಷ್ಟು ಸಲ ಕೊಂದ್ರೂ ಉಳೀತಲ್ಲ. ಇನ್ನೊಂದು ಸಲ ಕೊಂದ್ರೂ ಉಳೀತದೆ."

ಅವರು ಸಂಜೆಯ ಅಸರ್ ನಮಾಜಿಗೆ ಹೋದರು. ರಿಝ್ವಾನನೂ ಹೋದ. ಹಗ್ಗ ಕೊಯ್ಯುವ ಚೂರಿ ಬಾಗಿಲ ಬಳಿ ಇತ್ತು. ಊನವಾದ ಪ್ರಾಣಿ ಕುರ್ಬಾನಿಗೆ ಸಲ್ಲದು. ಟಗರಿನ ಕತ್ತನ್ನು ಮೊಣಕಾಲಿನಿಂದ ಕಂಬಿಗೆ ಒತ್ತಿ ಹಿಡಿದು, ಎಡಗಿವಿಯನ್ನು ತುದಿಯಿಂದ ಬುಡದವರೆಗೆ ಸೀಳಿದೆ. ಕೊಂಬು ನನ್ನ ತೊಡೆಗೆ ನಾಟಿತು. ರಕ್ತ ಅದರದೋ ನನ್ನದೋ ತಿಳಿಯಲಿಲ್ಲ.

ಮಾವ ಬಂದು ನೋಡಿದರು. ಕಿವಿಯ ಎರಡು ಸೀಳನ್ನು ಬೆರಳಲ್ಲಿ ಜೋಡಿಸಿದರು.

"ನಾವು ಶಾಫಿ ಪಂಥದವರು, ಮಗಳೇ. ಸೀಳಿದ್ರೆ ಅಡ್ಡಿಯಿಲ್ಲ. ತುಂಡು ಹೋಗಿದ್ರೆ ಮಾತ್ರ ಸಲ್ಲುದಿಲ್ಲ. ಇಷ್ಟು ಓದಿದ್ದೀ, ಇದು ಓದ್ಲಿಲ್ವಾ?"

ಚೂರಿ ಇನ್ನೂ ನನ್ನ ಕೈಯಲ್ಲಿತ್ತು. ಅವರ ಬೆರಳುಗಳ ಪಕ್ಕದಲ್ಲೇ ಕೊಯ್ದೆ. ಅರ್ಧ ಕಿವಿ ಮರಳಿಗೆ ಬಿತ್ತು. ಟಗರು ಮಗುವಿನಂತೆ ಕೂಗಿತು.

ಮಾವ ನನ್ನ ಕೆನ್ನೆಗೆ ಹೊಡೆದರು. ಮತ್ತೆ ಹೊಡೆದರು. ರಿಝ್ವಾನ್ ನಡುವೆ ಬಂದು ಅವರ ಕೈ ಹಿಡಿದ. "ಖಲಾಸ್ ಸಾಹೇಬ್ರೇ, ಖಲಾಸ್."

ಅವರು ಹುಲ್ಲಿನ ಮೂಟೆಯ ಮೇಲೆ ಕುಳಿತರು. ಹೆಣ್ಣುಗಳ ಕಡೆ ಕೈ ತೋರಿಸಿ ಹೇಳಿದರು:

"ತಮೀಮನ ಕುರಿಯೇ ಆಗ್ಬೇಕು. ಹೆಣ್ಣೂ ನಡೀತದೆ. ಮೂರರಲ್ಲಿ ಯಾವುದು, ನೀನೇ ಹೇಳು."

ನಾನು ಮೂರನ್ನೂ ನೋಡಿದೆ. ವಯಸ್ಸಾದದ್ದನ್ನು ತೋರಿಸಿದೆ. ರಿಝ್ವಾನ್ ಮುಂಗಾಲು ಹಿಡಿದ, ಹಿಂಗಾಲನ್ನು ನಾನು ಹಿಡಿದೆ. ಅದು ಒದೆಯಲೇ ಇಲ್ಲ. ಪಿಕಪ್‌ಗೆ ಹತ್ತಿಸಿದೆವು.