ಹಳಿಯಾಳದ ನಾಟಕ, ದ್ಯಾಮಪ್ಪನ ಸೈಕಲ್ಲು

ಹಳಿಯಾಳದಲ್ಲಿ ನಾಟಕ ಕಂಪನಿ ಟೆಂಟು ಹಾಕಿದೆ ಎಂದು ತಿಳಿದಾಗಿನಿಂದ ಸತ್ತೆವ್ವನ ಮನಸ್ಸು ಅಲ್ಲೇ ಇತ್ತು. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೆ ಅವಳು ಒಂದೂ ನಾಟಕ ನೋಡಿರಲಿಲ್ಲ. ಕಾರ್ಖಾನೆಯಲ್ಲಿ ದುಡಿಯುವ ಗಂಡ ದ್ಯಾಮಪ್ಪನಿಗೂ ನಾಟಕವೆಂದರೆ ಪ್ರಾಣ. ಆದರೆ ಹೋದ ವರ್ಷ ಹಳಿಯಾಳದಲ್ಲೇ ನಾಟಕ ನೋಡಿ ಸೈಕಲ್ ತುಳಿದು ಬರುವಾಗ, ಕಾಡಿನ ದಾರಿಯಲ್ಲಿ ತೂಕಡಿಸಿ ಮೋರಿಯ ಕೆಳಗೆ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಆ ಕೈ ಇನ್ನೂ ನೆಟ್ಟಗಾಗಿಲ್ಲ.

ಶನಿವಾರ ಸಂಜೆ ಅವನ ಗೆಳೆಯ ಮಾನ್ವೆಲ್, ಹೆಂಡತಿ ರೋಜಿಯನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದ. ದ್ಯಾಮಪ್ಪ ತನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ.

"ಬರ್ರಿ, ಬರ್ರಿ. ಹೆಂಗಸರು ಹಿಂದ ಕ್ಯಾರಿಯರ್ ಮ್ಯಾಲೆ ಕೂಡ್ರಲಿ. ಹಳಿಯಾಳಕ್ಕ ಹೋಗೂಣು" ಎಂದ.

"ಅಷ್ಟು ದೂರ ಸೈಕಲ್ ಮ್ಯಾಲೆ ನಾ ಒಲ್ಲೆ. ನೀವೂ ಹೋಗಬ್ಯಾಡ್ರಿ" ಎಂದಳು ಸತ್ತೆವ್ವ. ಆಸೆ ಇತ್ತು, ಭಯ ಅದಕ್ಕಿಂತ ದೊಡ್ಡದಿತ್ತು.

ರೋಜಿ ನಕ್ಕಳು. "ಅಕ್ಕಾ, ನಾಟಕ ಯಾಕ ಬಿಡ್ತಿ? ಸೈಕಲ್ ಬಸ್‌ಸ್ಟ್ಯಾಂಡಿನ ತನಕ ಸಾಕು. ಅಲ್ಲಿ ದುರ್ಗಪ್ಪನ ಸೈಕಲ್ ಅಂಗಡ್ಯಾಗ ಕೀಲಿ ಹಾಕಿ ಬಿಡೂಣು. ಅಂವ ಅಲ್ಲೇ ಮಲಗ್ತಾನ. ಮುಂದ ಬಸ್ಸಿಗೆ ಹೋಗೂಣು."

"ಮನಿ ಮುಂದ ಸೈಕಲ್ ಇಟ್ಕೊಂಡು ಬಸ್ಸಿನ ಹಾದಿ ಕಾಯೂದ?" ದ್ಯಾಮಪ್ಪನಿಗೆ ಅದು ಮರ್ಯಾದೆಯ ಪ್ರಶ್ನೆ. "ನಡುರಾತ್ರಿ ನಾಟಕ ಮುಗದ ಮ್ಯಾಲೆ ಯಾವ ಬಸ್ ಐತಿ ತಂಗಿ?"

"ಮುಂಜಾನಿ ಮೊದಲನೇ ಬಸ್ ಐತಣ್ಣಾ. ನಾ ಕೇಳೇ ಬಂದೇನಿ. ಅಲ್ಲೀತನಕ ಸ್ಟ್ಯಾಂಡಿನ್ಯಾಗ ಚಹಾ ಕುಡಕೋತ ಕೂಡೂಣು. ನಾಳೆ ನಿಮಗ ರಜಾನೂ ಐತಿ."

"ನನಗೇನ ನಿದ್ದಿ ಬರೂದಿಲ್ಲ" ಎಂದ ದ್ಯಾಮಪ್ಪ.

"ಹೋದ ವರ್ಷನೂ ಹಿಂಗ ಅಂದಿದ್ರಿ" ಎಂದಳು ಸತ್ತೆವ್ವ.

ದ್ಯಾಮಪ್ಪ ಪಂಪು ಒಳಗಿಟ್ಟು, "ಆತು, ಬಸ್ಸಿಗೇ ಹೋಗೂಣು" ಎಂದ.

ಹೊರಡುವಾಗ ರೋಜಿ ಅವನ ಸೈಕಲ್ ನೋಡಿದಳು. ದೀಪದ ಡೈನಮೊ ಟಯರಿಗೆ ತಾಗಿರಲೇ ಇಲ್ಲ.

"ಹಚ್ಚಿದ್ರ ತುಳಿಯೂದು ಭಾರ ಆಗ್ತೈತಿ" ಎಂದು ಅವನು ಗೊಣಗಿದ.

"ಊರಾಗಿದ್ರೂ ಕತ್ತಲಿ ಕತ್ತಲೀನ" ಎಂದು ಅವಳೇ ಡೈನಮೊ ಒತ್ತಿ ಕೂರಿಸಿದಳು. ಚಕ್ರ ತಿರುಗುತ್ತಲೇ ದೀಪ ಹೊತ್ತಿತು.

ನಾಟಕ ಬಲು ಚೆನ್ನಾಗಿತ್ತು. ಸತ್ತೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೆರಗಿನಿಂದ ಕಣ್ಣೂ ಒರೆಸಿಕೊಂಡಳು. ನಸುಕಿನಲ್ಲಿ ನಾಲ್ವರೂ ಮೊದಲ ಬಸ್ಸು ಹತ್ತಿದರು. ಬಸ್ಸು ಊರು ದಾಟುವುದರೊಳಗೆ ದ್ಯಾಮಪ್ಪ ಹೆಂಡತಿಯ ಭುಜಕ್ಕೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ.

ಕಾಡಿನ ನಡುವೆ ಆ ಮೋರಿ ಬಂತು. ಸತ್ತೆವ್ವ ಮೋರಿಯನ್ನು ನೋಡಿದಳು, ಗಂಡನ ಸೊಟ್ಟ ಕೈಯನ್ನು ನೋಡಿದಳು. ಅವನಿಗೆ ಎಚ್ಚರವೇ ಇರಲಿಲ್ಲ.

ದಾಂಡೇಲಿಯಲ್ಲಿ ಇಳಿದ ಮೇಲೆ ದ್ಯಾಮಪ್ಪ ಕೇಳಿದ, "ಮೋರಿ ಯಾವಾಗ ದಾಟಿತು?"

"ನೀವು ಗೊರಕಿ ಹೊಡಿಯೂವಾಗ."

ದ್ಯಾಮಪ್ಪ ಮೊಣಕೈ ಸವರಿಕೊಂಡ. ದುರ್ಗಪ್ಪನ ಅಂಗಡಿ ಮುಂದೆ ತಣ್ಣೀರಿನಿಂದ ಮುಖ ತೊಳೆದು ಸೈಕಲ್ ತೆಗೆದ. "ಕೂಡು. ಮುಂದಿನ ನಾಟಕಕ್ಕೂ ಹಿಂಗ ಹೋಗೂಣು" ಎಂದ.

ಅಕ್ಕಂದಿರೇ, ಅಣ್ಣಂದಿರೇ, ಗೆಳೆಯರೊಂದಿಗೆ ನಾಟಕಕ್ಕೆ ಹೋಗಿ, ನಕ್ಕು ಬನ್ನಿ. ಹತ್ತಿರದ ದಾರಿಗೆ ಸೈಕಲ್, ದೂರಕ್ಕೆ ಬಸ್ಸು. ಮರಳುವ ಬಸ್ಸು ಯಾವುದೆಂದು ಮೊದಲೇ ಕೇಳಿಕೊಳ್ಳಿ. ಸೈಕಲ್ಲಿನ ದೀಪ ಹಚ್ಚಿ. ನಿದ್ದೆಗಣ್ಣಿನಲ್ಲಿ ಮಾತ್ರ ತುಳಿಯಬೇಡಿ. ನಿಮ್ಮ ಮನೆಯಲ್ಲೂ "ನನಗೇನ ನಿದ್ದಿ ಬರೂದಿಲ್ಲ" ಎನ್ನುವವರಿದ್ದರೆ, ನಸುಕಿನ ಬಸ್ಸಿನಲ್ಲಿ ಒಮ್ಮೆ ಅವರ ಪಕ್ಕ ಕುಳಿತು ನೋಡಿ.