ಉಡುದಾರವಿಲ್ಲದ ಸೊಂಟ

ಟಕ ಟಕ ಟಕ, ನಿಂತಿತು, ಈಗ ಗರ್ರ್ ಅನ್ನುತ್ತದೆ, ಮೂಗಿನ ಮೇಲೆ ಒಂದು ಗೇಣು ಜಾಗ ಬಿಟ್ಟು ಬಿಳಿ ಚಾವಣಿ, ಇದಕ್ಕಿಂತ ಹೆಣದ ಪೆಟ್ಟಿಗೆ ವಾಸಿ, ಅದರೊಳಗೆ ಇರುವವನಿಗೆ ಅಲುಗಾಡಬೇಡ ಅಂತ ಯಾರೂ ಹೇಳುವುದಿಲ್ಲ — ಅನಂತರಾಜು ಸರ, ಅಲಗಾಡಬ್ಯಾಡ್ರಿ, ಇನ್ನ ಸ್ವಲ್ಪ ಐತ್ರಿ — ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಶಿವಪುತ್ರನ ದನಿ, ಮೆಷಿನ್ ಓಡಿಸುವ ಬಾಗಲಕೋಟೆಯವನು, ನನ್ನ ಬಿಲ್ಡಿಂಗಿನಲ್ಲಿ ನನಗೇ ಅಲುಗಾಡಬೇಡ ಅನ್ನುತ್ತಾನೆ. ಕೊಡಿಗೇಹಳ್ಳಿಯಲ್ಲಿ ಈ ಕಟ್ಟಡ ಎಬ್ಬಿಸಿದ್ದು ನಾನು, ನಿಂತು ಪಿಲ್ಲರ್‌ಗೆ ನೀರು ಹಾಕಿಸಿದ್ದು ನಾನು, ಈ ಸ್ಕ್ಯಾನಿಂಗ್ ಸೆಂಟರ್‌ನವರನ್ನು ಬಾಡಿಗೆಗೆ ಬಿಟ್ಟುಕೊಂಡಿದ್ದು ನಾನು, ಇವತ್ತು ಬೆನ್ನ ಕಡೆ ತೆರೆದ ಹಸಿರು ಅಂಗಿ ತೊಟ್ಟು ಅಂಡು ಬಿಟ್ಟುಕೊಂಡು ಮಲಗಿರುವವನೂ ನಾನೇ, ಥೂ. ಎಡಗಾಲಿಗೆ ಜೋಮು, ಅಷ್ಟೇ ತಾನೆ, ಜಾಸ್ತಿ ಹೊತ್ತು ಕೂತಿದ್ದಕ್ಕೆ ಅಂದುಕೊಂಡಿದ್ದೆ, ಆಮೇಲೊಂದು ದಿನ ಚಪ್ಪಲಿ ಕಾಲಿಂದ ಕಳಚಿಕೊಂಡದ್ದೂ ತಿಳಿಯದೆ ಸರ್ವೀಸ್ ರಸ್ತೆ ದಾಟಿಬಿಟ್ಟೆ, ಅದನ್ನು ದಿವ್ಯ ನೋಡಿದಳು, ಮಗಳಲ್ಲ ಅವಳು, ಪೊಲೀಸು, ಮಾರನೆಯ ದಿನವೇ ಹೆಬ್ಬಾಳದ ಡಾಕ್ಟರ ಮುಂದೆ ತಂದು ಕೂರಿಸಿದಳು — ಬೆನ್ನಿನ ಡಿಸ್ಕ್ ನರ ಒತ್ತಿದ್ರೆ ಪುಣ್ಯ, ಗಡ್ಡೆ ಇದ್ರೆ ಬೇರೆ ದಾರಿ, ಎಂಆರ್‌ಐ ನೋಡ್ದೆ ನಾನೇನೂ ಹೇಳಲ್ಲ — ಏನೂ ಹೇಳಲ್ಲ ಅನ್ನುವವನು ಗಡ್ಡೆ ಅಂತ ಯಾಕೆ ಬಾಯಿ ಬಿಡಬೇಕಿತ್ತು, ಅವನ ನಾಲಿಗೆಗೆ ಬೆಂಕಿ ಬೀಳ.

ಸೊಂಟ ಬರಿದಾಗಿದೆ. ಹುಟ್ಟಿದಾಗಿನಿಂದ ಅಲ್ಲಿ ಒಂದು ದಾರ ಇತ್ತು, ಸ್ನಾನದಲ್ಲಿ, ನಿದ್ದೆಯಲ್ಲಿ, ಮದುವೆಯಲ್ಲಿ, ಹಳೆಯದು ಸವೆದರೆ ಹೊಸದು ಕಟ್ಟಿಯೇ ಹಳೆಯದನ್ನು ಕೀಳುವುದು, ನಡುವೆ ಒಂದು ಗಳಿಗೆಯೂ ಬರೀ ಸೊಂಟದಲ್ಲಿ ಇರಬಾರದು, ಉಡುದಾರ ಕತ್ತರಿಸುವುದು ಹೆಣಕ್ಕೆ, ಅಪ್ಪನನ್ನು ಅಂಗಳದಲ್ಲಿ ಮಲಗಿಸಿ ನೀರು ಹಾಕಿದಾಗ ಚಿಕ್ಕಪ್ಪ ಕತ್ತಿಯಿಂದ ಕತ್ತರಿಸಿ ಎಸೆದದ್ದನ್ನು ನೋಡಿದ್ದೇನೆ, ಅಲ್ಲಿಗೆ ಅಪ್ಪ ಅಪ್ಪನಲ್ಲ, ಹೆಣ. ಅದಕ್ಕೇ ಸುಳ್ಳು ಹೇಳಿದೆ, ಹೌದು, ಹೇಳಿದೆ, ಮೈಮ್ಯಾಲ ಲೋಹದ್ದು ಏನರ ಐತೇನ್ರಿ ಅಂದ, ಏನೂ ಇಲ್ಲ ಕಣಯ್ಯ, ಶುರು ಮಾಡು ಅಂದೆ, ದಾರಕ್ಕೆ ಪೋಣಿಸಿದ್ದ ತಾಯತ ಅಂಗಿಯೊಳಗೆ ಬೆನ್ನ ಕಡೆಗೆ ಸರಿದಿತ್ತು, ದೇವರ ತಾಯತವನ್ನು ಇವನ ಮೆಷಿನ್ ಏನು ಮಾಡೀತು ಅಂದುಕೊಂಡೆ. ಸ್ವಲ್ಪ ಹೊತ್ತಿಗೇ ಹೊರಗೆ ಎಳೆದುಬಿಟ್ಟರು. ಸರ, ಬೆನ್ನೆಲುಬಿನ ಫೋಟೋದಾಗ ನಡುವ ಕರ್‍ರಗ ತೂತು ಬಿದ್ದೈತ್ರಿ, ಎಲ್ಲಿ ನೋಡಬೇಕೋ ಅಲ್ಲೇ ಏನೂ ಕಾಣವಲ್ದು, ಸೊಂಟದಾಗ ಏನೈತಿ? ಅಂಗಿ ಎತ್ತಿದ, ತಾಯತ ಸಿಕ್ಕಿತು, ಗಂಟು ಕಲ್ಲಾಗಿತ್ತು, ಹೊಟ್ಟೆ ಬೆಳೆದು ದಾರ ಚರ್ಮಕ್ಕೆ ಕೂತಿತ್ತು, ಮೇಲಕ್ಕೂ ಬಾರದು ಕೆಳಕ್ಕೂ ಇಳಿಯದು.

ಒಳಗೆ ಕತ್ತರಿ ತರುವ ಹಾಗಿಲ್ಲವಂತೆ, ಮೆಷಿನ್ ಎಳೆದುಕೊಳ್ಳುತ್ತದಂತೆ, ವೀಲ್‌ಚೇರಿನಲ್ಲಿ ಬಟ್ಟೆ ಬದಲಿಸುವ ಕೋಣೆಗೆ ತಳ್ಳಿದರು, ಅಲ್ಲಿ ಈ ಶಿವಪುತ್ರ ಕತ್ತರಿ ಹಿಡಿದುಕೊಂಡು ಹಿಂದೆ ಸರಿದ — ನನ್ನ ಕೈಲೆ ಆಗೂದಿಲ್ರಿ, ನಮ್ಮ ಕಡೇನೂ ಜೀವ ಇದ್ದಾವರ ಉಡದಾರ ಹರಿಯೂದಿಲ್ಲ, ನಿಮ್ಮ ಮನ್ಯಾವರೇ ಕತ್ತರಸ್ಲಿ — ಅಷ್ಟಾದರೂ ಭಯ ಇದೆ ಅವನಿಗೆ, ಇವಳಿಗೆ ಇಲ್ಲ. ಇಲ್ಲಿ ಕೊಡಿ ಅಂದಳು ದಿವ್ಯ. ಹೊಸ್ದು ತಂದು ಕಟ್ಟಿ ಆಮೇಲೆ ಕೀಳೇ, ಮುಟ್ಟಿದ್ರೆ ನೋಡು, ಅಂದೆ. ಈಗೆಲ್ಲಿಂದ ತರ್ಲಪ್ಪಾ, ಸುಮ್ನಿರು, ಕಾಲು ಹೋಗ್ತಾ ಇದೆ ನಿಂದು, ನಿಂಗೆ ದಾರದ ಚಿಂತೆ. ಕಚಕ್. ಅಷ್ಟೇ. ಅವಳನ್ನು ಎತ್ತಿ ಆಡಿಸಿದವನು, ಅವಳ ಮೊದಲ ಉಡುದಾರಕ್ಕೆ ಬೆಳ್ಳಿ ಗೆಜ್ಜೆ ಪೋಣಿಸಿ ಕಟ್ಟಿದವನು ನಾನು, ಅವಳು ನನ್ನನ್ನು ಹೆಣ ಮಾಡಿ ಇಲ್ಲಿಗೆ ತಳ್ಳಿದಳು, ಇನ್ನು ನನ್ನ ಮನೆಯ ಹೊಸ್ತಿಲು ತುಳಿಯಬಾರದು ಅವಳು, ಎದ್ದ ಕೂಡಲೇ ಹೇಳುತ್ತೇನೆ, ಎಲ್ಲರೆದುರಿಗೇ ಹೇಳುತ್ತೇನೆ.

ಸದ್ದು ನಿಂತಿದೆ. ಹಲಗೆ ಹೊರಗೆ ಜಾರುತ್ತಿದೆ, ಬೆಳಕು, ಆದರೆ ಇಳಿಸುತ್ತಿಲ್ಲ, ಮುಂಗೈಗೆ ಸೂಜಿ ಚುಚ್ಚುತ್ತಿದ್ದಾರೆ. ಇದ್ಯಾಕಯ್ಯಾ, ಮುಗೀಲಿಲ್ವಾ? ನರದಾಗ ಔಷಧ ಬಿಟ್ಟು ಇನ್ನೊಮ್ಮೆ ಫೋಟೋ ತಗೀತೀವ್ರಿ, ನಮ್ಮ ಡಾಕ್ಟರ್ ಹೇಳ್ಯಾರ. ಯಾಕೆ? ಶಿವಪುತ್ರ ನನ್ನ ಮುಖ ನೋಡುತ್ತಿಲ್ಲ. ಏನೋ ಕಾಣಾಕತ್ತೈತ್ರಿ, ಅದು ಏನಂತ ಗೊತ್ತಾಗಲಿ ಅಂತ. ಅಂದರೆ ಡಿಸ್ಕ್ ಅಲ್ಲ, ಡಿಸ್ಕಿಗೆ ಔಷಧ ಯಾಕೆ, ಕೇಳಬೇಕು, ಕೇಳುವುದಿಲ್ಲ. ದಿವ್ಯ ಒಳಗೆ ಬಂದಿದ್ದಾಳೆ, ಬಳೆ ಓಲೆ ಎಲ್ಲ ಬಿಚ್ಚಿಟ್ಟು ಬಂದಿದ್ದಾಳೆ, ಕಣ್ಣು ಕೆಂಪಗಿದೆ, ಬರಲಿ, ಬಾಯಿ ತುಂಬ ಬೈಯಲಿಕ್ಕೆ ಕಾದಿದ್ದೇನೆ — ಬರೀ ದಾರ ಕಟ್ಬೋದಲ್ವಾ, ತಾಯತ ತೆಗ್ದಿದೀನಿ, ಅಂತ ಅವನನ್ನು ಕೇಳುತ್ತಾಳೆ, ದಾರಕ್ಕ ಏನೂ ಆಗೂದಿಲ್ರಿ ಅಕ್ಕಾರ, ಕಟ್ರಿ. ಕತ್ತರಿಸಿದ್ದು ಗಿಡ್ಡ ಆಗಿದೆಯೆಂದು ಬ್ಯಾಂಡೇಜ್ ಬಟ್ಟೆ ಹರಿದು ಗಂಟು ಹಾಕಿ ಉದ್ದ ಮಾಡಿಕೊಂಡು ಬಂದಿದ್ದಾಳೆ, ಸೊಂಟದಡಿಗೆ ಕೈ ತೂರಿಸಿ ಸುತ್ತುತ್ತಿದ್ದಾಳೆ, ಹೆಣಕ್ಕೆ ಯಾಕೆ ಕಟ್ಟುತ್ತೀಯೆ ಅಂದೆ, ಬಾಯಿ ಮುಚ್ಚಪ್ಪಾ ಅಂದಳು, ಅವಳ ಕಣ್ಣೀರು ನನ್ನ ಹೊಟ್ಟೆಯ ಮೇಲೆ ಬಿತ್ತು, ಬಿಸಿ ತಿಳಿಯಿತು. ಬಿಗಿಯಾಯ್ತಾ? ಬಲಗಡೆ ಕಚ್ಚಿತು. ಇನ್ನೂ ಎಳಿ ಅಂದೆ. ಎಳೆದಳು. ಬಲಗಡೆ ಉರಿಯಿತು. ಎಡಕ್ಕೂ ಸುತ್ತಿದ್ದೀಯೇನೇ? ಸುತ್ತಿದೀನಪ್ಪಾ, ನೋಡು, ನನ್ನ ಬೆರಳು ಅದರ ಮೇಲೇ ಇದೆ. ಎಳಿ. ಎಳೆದಳು, ಹಲಗೆ ಒಳಗೆ ಹೊರಟಿತು, ಬಿಳಿ ಚಾವಣಿ, ಟಕ ಟಕ, ಬಲಗಡೆ ದಾರ ಇದೆ, ಎಡಗಡೆ ಇಲ್ಲ, ಅವಳ ಬೆರಳೂ ಇಲ್ಲ, ಬಲಗಡೆ ಇದೆ, ಎಡಗಡೆ ಇಲ್ಲ, ಬಲಗಡೆ ಇದೆ, ಎಡಗಡೆ