ತೆನೆಗೆ ಕಟ್ಟುವ ಚೀಲ

ಪಕ್ಕದ ಮನೆಯ ಟೈಲರಮ್ಮ ಸತ್ತವಳ ದೊಗಲೆ ಅಂಗಿಯ ಜೇಬಿಗೆ ಕೈ ಹಾಕಿ ಕಾಗದದ ಚೀಲಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು. ಅಂಗೈ ಅಗಲದ ಮೇಣಗಾಗದದ ಚೀಲಗಳು, ಪ್ರತಿಯೊಂದರ ಬಾಯಿಗೂ ದಾರ. ಕಪ್ಪು ಕೋಟು ತೊಟ್ಟು ಬಾಗಿಲಲ್ಲೇ ನಿಂತಿದ್ದ ತಮ್ಮನಿಗೆ ಒಳಗೆ ಬರಲು ಧೈರ್ಯ ಸಾಲಲಿಲ್ಲ. ಅಕ್ಕನ ಮನೆಯೊಳಗೆ ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಊರಿನವರು ಅವನನ್ನು ಲೇಟಪ್ಪ ಎಂದೇ ಕರೆಯುತ್ತಿದ್ದರು. ಎಲ್ಲರ ಮೆಕ್ಕೆಜೋಳ ಮೊಣಕಾಲೆತ್ತರ ಬೆಳೆದ ಮೇಲೆ ಇವನು ಬಿತ್ತನೆಗೆ ಇಳಿಯುವುದು. ಬೀಜದ ಕಂಪನಿಯ ಏಜೆಂಟ್ ಬೈದು ಸುಸ್ತಾದ, ಅಂಗಡಿ ಮುಂದೆ ಕೂತವರು ಆಡಿಕೊಂಡು ನಕ್ಕರು. ಇವನು ಮಾತ್ರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ.

"ನಿನ್ನೆ ಬೆಳಿಗ್ಗೆ ಹಿತ್ತಲಲ್ಲಿ ಚೀಲ ಕಟ್ತಾ ಇದ್ದವಳು ಹಾಗೇ ಕುಸಿದಿದ್ದಾಳೆ ಕಣಪ್ಪ," ಅಂದಳು ಟೈಲರಮ್ಮ. "ಅರ್ಧ ಸಾಲಿಗೂ ಕಟ್ಟಿರಲಿಲ್ಲ."

"ಹಿತ್ತಲಲ್ಲಾ? ಅಕ್ಕ ಈ ಸಲ ಬಿತ್ತೇ ಇಲ್ವಲ್ಲ?"

"ಹೊಲಕ್ಕೆ ಹೋಗೋ ಶಕ್ತಿ ಎಲ್ಲಿತ್ತು? ಆಸ್ಪತ್ರೆಯಿಂದ ಬಂದವಳೇ ಹಿತ್ತಲಲ್ಲಿ ಬಿತ್ತಿದ್ಲು. ಬೀಜ ಉಳಿಸೋಕೆ ಇಷ್ಟು ಸಾಕು ಅಂದ್ಲು." ಟೈಲರಮ್ಮ ಚೀಲಗಳನ್ನು ಜೋಡಿಸಿದಳು. "ನನಗೆ ಅರ್ಥ ಆಗದ್ದು ಒಂದೇ. ಇವನ್ನ ಅಟ್ಟಕ್ಕೆ ಹಾಕಿ ಎಷ್ಟೋ ಕಾಲ ಆಗಿತ್ತು. ಯಾಕೆ ಕಟ್ಟಲ್ಲ ಅಂದ್ರೆ, 'ಬೇಕಿಲ್ಲ ಬಿಡೆ, ನನ್ನ ತಮ್ಮ ನನಗೋಸ್ಕರ ತಡ ಮಾಡ್ತಾನೆ' ಅಂತಿದ್ಲು. ಈ ಸಲ ಏನೂ ಹೇಳಲಿಲ್ಲ. ಆ ಮೈಯಲ್ಲೇ ಅಟ್ಟ ಹತ್ತಿ ಇಳಿಸಿಕೊಂಡ್ಲು."

ಲೇಟಪ್ಪ ಏನೋ ಹೇಳಲು ಹೋದ. ಕೇಳಬೇಕಾದವಳು ಕಣ್ಣು ಮುಚ್ಚಿ ಮಲಗಿದ್ದಳು.

*

ಅವನು ಮೊದಲ ಸಲ ಕಂಪನಿಯ ಕುಲಾಂತರಿ ಬೀಜ ಬಿತ್ತಿದ ವರ್ಷ, ಅಕ್ಕ ಒಂದು ತೆನೆ ಹಿಡಿದು ಅವನ ಅಡುಗೆಮನೆಗೆ ಬಂದಿದ್ದಳು. ಅಮ್ಮನ ಕಾಲದಿಂದ ಉಳಿಸಿಕೊಂಡು ಬಂದ ಬಿಳಿ ಮೆಕ್ಕೆಜೋಳ. ನಡುನಡುವೆ ಹಳದಿ ಕಾಳುಗಳು ಚಿನ್ನದ ಹಲ್ಲು ಕಟ್ಟಿಸಿಕೊಂಡಂತೆ ಕೂತಿದ್ದವು.

"ನಿನ್ನ ಹೊಲದ ಹೂಪುಡಿ ಹಾರಿ ಬಂದಿದೆ," ಅಂದಳು. "ಈ ಸಲ ಆರಿಸಿ ಬಿಸಾಕ್ತೀನಿ. ವರ್ಷಾ ವರ್ಷಾ ಹೀಗಾದ್ರೆ ಅಮ್ಮನ ಬೀಜ ಅಂತ ಏನು ಉಳಿಯತ್ತೋ?"

ಅವನಿಗೆ ಆಗ ಹೊಸ ಬೀಜದ ಹುರುಪು. "ಗಾಳಿಗೆ ನಾನು ಬೇಲಿ ಹಾಕ್ಲಾ? ಬೇಕಾದ್ರೆ ನಿನ್ನ ತೆನೆಗೆ ಮುಸುಕು ಹಾಕ್ಕೋ ಹೋಗು."

ಅಕ್ಕ ತೆನೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದಳು. ಮಾತು ಅಲ್ಲಿಗೆ ನಿಂತಿತು. ಮರುವರ್ಷ ಅವಳ ಒಂದೊಂದು ತೆನೆಗೂ ಚೀಲ ಕಟ್ಟಿತ್ತು; ತನ್ನ ಗಿಡಗಳ ಹೂಪುಡಿಯನ್ನು ಅವಳೇ ಕೈಯಾರೆ ತೆನೆಗೆ ಉದುರಿಸುತ್ತಿದ್ದಳು. ಅವನು ಬದುವಿನ ಮೇಲೆ ನಿಂತು ಅದನ್ನು ನೋಡಿದ. ಅದರ ಮುಂದಿನ ವರ್ಷದಿಂದ ಅವಳದ್ದು ಹೂ ಮುಗಿಸಿದ ಮೇಲೆ ತನ್ನದು ಹೂ ಬಿಡಲೆಂದು ಬಿತ್ತನೆ ಮುಂದೂಡತೊಡಗಿದ. ಹೇಳಿದರೆ ಸೋತಂತೆ ಅನ್ನಿಸಿ ಹೇಳಲಿಲ್ಲ. ಅವಳಿಗೆ ಗೊತ್ತೇ ಇಲ್ಲವೆಂದು ಇಷ್ಟು ದಿನ ನಂಬಿದ್ದ.

ಈ ವರ್ಷ ಅಕ್ಕ ಆಸ್ಪತ್ರೆ ಸೇರಿದಳೆಂದು ಕೇಳಿದ. ಅವಳ ಹೊಲ ಬೀಳು ಬಿದ್ದಿತ್ತು. ಇನ್ನು ಯಾರಿಗಾಗಿ ಕಾಯಬೇಕೆಂದು ಎಲ್ಲರ ಜೊತೆಗೇ ಬಿತ್ತಿದ. ಅವಳ ಹಿತ್ತಲು ಇವನ ಹೊಲದ ಕೊನೆಗೇ ತಾಗಿತ್ತು. ಮುಖಾಮುಖಿ ಆಗುವುದು ಬೇಡವೆಂದು ಬಿತ್ತನೆಯ ಮೇಲೆ ಅತ್ತ ಸುಳಿಯಲೇ ಇಲ್ಲ. ಒಂದು ಸಲ ಹೋಗಿ ಕೇಳಿದ್ದರೆ ಸಾಕಿತ್ತು.

*

ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ. ಏಜೆಂಟ್ ಬಂದು ಹೆಗಲು ತಟ್ಟಿದ. "ಪಾಪ, ನಿಮ್ಮಕ್ಕ. ನೀವಂತೂ ಈ ಸಲ ಸರಿಯಾದ ಟೈಮಿಗೆ ಬಿತ್ತಿದ್ರಿ ನೋಡಿ. ಹೂ ಬಂದಿರೋ ಚೆಂದ ನೋಡೋಕೆ ಎರಡು ಕಣ್ಣು ಸಾಲದು."

ಗುಂಡಿಗೆ ಮಣ್ಣು ಬೀಳುತ್ತಿದ್ದಾಗ ಲೇಟಪ್ಪ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಿದ್ದ. ಅದು ತನ್ನ ಹೊಲದಿಂದ ಅಕ್ಕನ ಹಿತ್ತಲ ಕಡೆಗೇ ಬೀಸುತ್ತಿತ್ತು.

"ಟೈಲರಮ್ಮ, ಆ ಚೀಲಗಳೆಲ್ಲಿ?"

"ನನ್ನ ಹತ್ರಾನೇ ಇವೆ. ಅವಳ ಜೊತೆ ಇಡೋಣ ಅಂತ ತಂದೆ, ಮನಸ್ಸು ಬರಲಿಲ್ಲ."

"ಕೊಡಿ. ತೆನೆಗೆ ಕೂದಲು ಬರೋದ್ರೊಳಗೆ ಕಟ್ಬೇಕು."

"ಈಗಲಾ? ಜನ ಏನಂತಾರೆ?"

"ಲೇಟಪ್ಪ ಅಂತಾರೆ."

ಬಳಸು ದಾರಿ ಹಿಡಿಯದೆ ತನ್ನ ಹೊಲದ ನಡುವೆಯೇ ನುಗ್ಗಿದ. ಗಿಡಗಳ ಹೂಪುಡಿ ತುಂಬಿದ ತುರಾಯಿಗಳು ತಲೆಗೂ ಹೆಗಲಿಗೂ ಬಡಿದವು. ತಂತಿ ಬೇಲಿಯಾಚೆ ಅಕ್ಕನ ಗಿಡಗಳು ಕಂಡವು: ಚೀಲ ಕಟ್ಟಿದ ನಾಲ್ಕಾರು, ಉಳಿದವೆಲ್ಲ ಬರಿದು. ದಾಟಲೆಂದು ಒಂದು ಕಾಲು ಎತ್ತಿದವನಿಗೆ ತನ್ನ ತೋಳು ಕಣ್ಣಿಗೆ ಬಿತ್ತು. ಅವನು ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಕೋಟು ಬಿಚ್ಚಿ ಬೇಲಿಯ ಕಂಬಕ್ಕೆ ಹಾಕಿದ. ತನ್ನ ಹೊಲದ ನಲ್ಲಿಯ ಕೆಳಗೆ ಕೂತು ತಲೆ, ಮುಖ, ಕೈ ತೊಳೆದ, ಮತ್ತೆ ತೊಳೆದ.

ಟೈಲರಮ್ಮ ಹಿತ್ತಲ ಬಾಗಿಲಿಗೆ ಬಂದಾಗ ಅವನು ಒದ್ದೆ ಅಂಗಿಯಲ್ಲಿ, ಅಕ್ಕ ನಿಲ್ಲಿಸಿದ ಗಿಡದಿಂದ ಮುಂದಕ್ಕೆ ಒಂದೊಂದೇ ತೆನೆಗೆ ಚೀಲದ ದಾರ ಬಿಗಿಯುತ್ತಿದ್ದ. ಬೇಲಿಯಾಚೆ ಗಾಳಿಗೆ ಕಪ್ಪು ಕೋಟು ಅಲ್ಲಾಡುತ್ತಿತ್ತು, ಎರಡೂ ಹೆಗಲಿನ ಮೇಲೆ ಹಳದಿ ಪುಡಿ.